ಅಂಜುವ ಹಕ್ಕು ಯಾರದು?

ಕೆಲಗೇರಿಯ ನಮ್ಮ ಕೇರಿಯಲ್ಲಿ ಒಂದು ರಾತ್ರಿ ನಾವು ಆರು ಮಂದಿ ಗೆಳೆಯರು ಒಂದೇ ಮೊಬೈಲಿನ ಮುಂದೆ ಕುಂತು ಹಳೇ ದೆವ್ವದ ಸಿನಿಮಾ ನೋಡುತ್ತಿದ್ದೆವು. ಕರೆಂಟು ಹೋಗಿತ್ತು. ಕೆರೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಾಗಿಲ ಹತ್ತಿರ ಎಲೆ ಅಡಕಿ ಹಾಕಿಕೊಳ್ಳುತ್ತಿದ್ದ ಗೆಳೆಯನ ಅವ್ವ ಮೆಲ್ಲಗೆ ಎದ್ದು ಬಂದು ನಮ್ಮ ಬೆನ್ನ ಹಿಂದೆ ನಿಂತಳು.

ಸಿನಿಮಾ ‘ಪುರಾನಾ ಮಂದಿರ್’. 1984ರದ್ದು. ರಾಮ್‌ಸೇ ಸಹೋದರರದ್ದು. ನಮ್ಮ ಅಪ್ಪಂದಿರು ಹರೆಯದಲ್ಲಿ ಟಾಕೀಸಿನ ಮುಂದಿನ ಸಾಲಿನಲ್ಲಿ ಕುಂತು ಸಿಳ್ಳು ಹಾಕಿ ನೋಡಿದ ಸಿನಿಮಾ. ಕತೆ ಇಷ್ಟು: ಇನ್ನೂರು ವರ್ಷದ ಹಿಂದೆ ಬಿಜಾಪುರದಲ್ಲಿ ಹರಿಮಾನ್ ಸಿಂಗ್ ಅನ್ನುವ ರಾಜ. ಊರ ಹೊರಗಿನ ಕಾಳಿ ಪಹಾಡಿಯಲ್ಲಿ ಸಾಮ್ರಿ ಅನ್ನುವ ರಾಕ್ಷಸ. ಸಾಮ್ರಿ ರಾಜನ ಮಗಳನ್ನು ಕೊಲ್ಲುತ್ತಾನೆ. ರಾಜ ಅವನನ್ನು ಹಿಡಿಸಿ ರುಂಡ ಬೇರೆ ಮುಂಡ ಬೇರೆ ಮಾಡಿಸುತ್ತಾನೆ. ಮುಂಡ ಗುಡಿಯ ಹತ್ತಿರ ಮಣ್ಣಾಗುತ್ತದೆ. ರುಂಡ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಹವೇಲಿಯಲ್ಲಿ. ಸಾಯುವ ಮುಂಚೆ ಸಾಮ್ರಿ ಶಾಪ ಹಾಕುತ್ತಾನೆ: ನಿನ್ನ ವಂಶದ ಹೆಂಗಸರು ಹೆರಿಗೆಯಲ್ಲೇ ಸಾಯಲಿ. ಬಿಜಾಪುರವನ್ನು ಆಳಿದವರು ಆದಿಲಶಾಹಿಗಳು, ಈ ಸಿಂಗ್ ಎಲ್ಲಿಂದ ಬಂದ ಅಂತ ನಾವು ನಗುತ್ತಿದ್ದೆವು. ಪದವಿ ಪಡೆದವರು ನೋಡ್ರಿ, ತಪ್ಪು ಹುಡುಕುವುದು ಬೇಗ ಕಲಿತಿದ್ದೇವೆ.

ಅವ್ವ ನಗಲಿಲ್ಲ. ಕೇಳಿದಳು: “ಅಲ್ಲೋ ತಮ್ಮಾ, ಆ ಸತ್ತಾಂವಗ ತಾಯಿ ತಂದಿ ಯಾರೂ ಇಲ್ಲೇನು?”

“ಬೇ ಯವ್ವಾ, ಅಂವ ದೆವ್ವ ಅದಾನ. ಸಿನಿಮಾ ಐತಿ ಅದು.”

“ಸಿನಿಮಾ ಇರವಲ್ದ್ಯಾಕ. ಅವನ ಕಡಿಂದ ಒಬ್ಬರ್ನಾದ್ರೂ ಕೇಳಬೇಕಿಲ್ಲೋ?”

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ದೆವ್ವದ ಸಿನಿಮಾದ ಮೇಲೆ ಹೋರಾಟದ ಪತ್ರಿಕೆಯಲ್ಲಿ ಯಾಕೆ ಬರೀತೀರಿ, ಬರೆಯಲಿಕ್ಕೆ ಬೇರೆ ಸಮಸ್ಯೆಗಳಿಲ್ಲವೆ ಅಂತ ಕೇಳುವ ಗೆಳೆಯರು ಇದ್ದಾರೆ. ಅವರಿಗೆ ನಾವು ಹೇಳುವುದು: ಒಂದು ಸಮಾಜ ಯಾರನ್ನು ಕಂಡು ಅಂಜುತ್ತದೆ, ಯಾರ ಅಂಜಿಕೆಗೆ ಕಣ್ಣೀರು ಹಾಕುತ್ತದೆ ಅನ್ನುವುದು ಆ ಸಮಾಜದ ನೀತಿಯ ಪ್ರಶ್ನೆ. ಅದು ಘನಗಂಭೀರ ಕಲಾತ್ಮಕ ಚಿತ್ರಗಳಲ್ಲಿ ಮುಚ್ಚಿಕೊಂಡಿರುತ್ತದೆ. ಅಗ್ಗದ ದೆವ್ವದ ಸಿನಿಮಾದಲ್ಲಿ ಬೆತ್ತಲೆ ನಿಂತಿರುತ್ತದೆ.

ಮೊದಲು ಒಂದು ಮಾತು ಖಚಿತವಾಗಬೇಕು. ಅಗ್ಗ ಅನ್ನುವುದು ನಮಗೆ ಬೈಗುಳವಲ್ಲ. ಈ ರಾಮ್‌ಸೇಗಳು ಯಾರು? ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಎಫ್. ಯು. ರಾಮ್‌ಸೇ ದೇಶ ವಿಭಜನೆಯಲ್ಲಿ ಎಲ್ಲ ಬಿಟ್ಟು ಮುಂಬಯಿಗೆ ಬಂದವರು. ಏಳು ಗಂಡುಮಕ್ಕಳು. ಒಬ್ಬ ಕತೆ ಬರೆದ, ಒಬ್ಬ ಕ್ಯಾಮರಾ ಹಿಡಿದ, ಒಬ್ಬ ಸೌಂಡ್, ಒಬ್ಬ ಎಡಿಟಿಂಗ್, ತುಳಸಿ ಮತ್ತು ಶ್ಯಾಮ್ ನಿರ್ದೇಶನ. 1972ರಲ್ಲಿ ಒಂದು ಬಸ್ಸಿನಲ್ಲಿ ಮಂದಿ, ಸಾಮಾನು ತುಂಬಿಕೊಂಡು ಮಹಾಬಳೇಶ್ವರಕ್ಕೆ ಹೋಗಿ ‘ದೋ ಗಜ್ ಜಮೀನ್ ಕೆ ನೀಚೆ’ ಮಾಡಿಕೊಂಡು ಬಂದರು. ದೊಡ್ಡ ಸ್ಟಾರುಗಳಿಲ್ಲ, ದೊಡ್ಡ ಸೆಟ್ಟುಗಳಿಲ್ಲ. ಮರ್ಯಾದಸ್ಥರು ಇವರ ಸಿನಿಮಾಗಳಿಗೆ ‘ಬಿ-ಗ್ರೇಡ್’ ಅಂತ ಚೀಟಿ ಅಂಟಿಸಿದರು. ಆದರೆ ಸಣ್ಣ ಊರುಗಳ ಟಾಕೀಸುಗಳಲ್ಲಿ ಹಮಾಲರು, ಗೌಂಡಿಗಳು, ಗಿರಣಿ ಕಾರ್ಮಿಕರು ಟಿಕೀಟು ತಗೊಂಡು ಇವರನ್ನು ಬದುಕಿಸಿದರು. ಸಣ್ಣ ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸಿ ಬೆಳೆದ ನಾವು ಕಡಿಮೆ ದುಡ್ಡಿನ ಕೆಲಸವನ್ನು ಹೀಯಾಳಿಸಲಾರೆವು.

ನಮ್ಮ ತಕರಾರು ಬೇರೆ. ಟಿಕೀಟು ತಗೊಂಡವರು ನಾವು. ಪರದೆಯ ಮೇಲೆ ಅಂಜಿಕೆ ಹುಟ್ಟಿಸಿದವರೂ ನಾವೇ. ಅಂಜಿ ಅನುಕಂಪ ಪಡೆದವರು ಮಾತ್ರ ಹವೇಲಿಯವರು.

ಈ ಸಿನಿಮಾಗಳಲ್ಲಿ ಹವೇಲಿಯ ಹೊರಗಿನವರಿಗೆ ಇರುವ ಕೆಲಸಗಳನ್ನು ಎಣಿಸಿ ನೋಡಿರಿ. ಮೊದಲನೆಯದು ಕಂದೀಲು ಹಿಡಿದ ಕಾವಲುಗಾರ. ಇಂಟರ್ವಲ್ಲಿಗೆ ಮುಂಚೆ ಸಾಯುತ್ತಾನೆ, ಅವನಿಗಾಗಿ ಯಾರೂ ಅಳುವುದಿಲ್ಲ. ಎರಡನೆಯದು ಗರಿ ಕಟ್ಟಿಕೊಂಡು, ಮುಖಕ್ಕೆ ಮಸಿ ಬಳಿದುಕೊಂಡು ಬೆಂಕಿಯ ಸುತ್ತ ಕುಣಿಯುವ ‘ಕಾಡು ಜನ’. ಅವರಿಗೆ ಹಾಡು ಉಂಟು, ಭಾಷೆ ಇಲ್ಲ. ಮೂರನೆಯದು ಸ್ಮಶಾನದಲ್ಲಿ ತಲೆಬುರುಡೆ ಇಟ್ಟುಕೊಂಡ ಮಾಟಗಾರ. ನಾಲ್ಕನೆಯದು ದೆವ್ವ. ಸಾಮ್ರಿಯ ಪಾತ್ರ ಮಾಡಿದ ಅನಿರುದ್ಧ ಅಗರ್ವಾಲ್ ಎಂಜಿನಿಯರಿಂಗ್ ಓದಿದ ಮನುಷ್ಯ. ಎಲ್ಲರಂತಿಲ್ಲದ ಅವರ ಎತ್ತರ, ಅವರ ಮುಖ, ಅಷ್ಟೇ ಈ ಉದ್ಯಮಕ್ಕೆ ಬೇಕಾಗಿತ್ತು. ಎಲ್ಲರಂತಿಲ್ಲದ ದೇಹ ಕಂಡರೆ ಸಾಕು, ಅದು ರಾಕ್ಷಸನದು.

ಸಾಮ್ರಿಯ ಜಾತಿ ಯಾವುದು ಅಂತ ಸಿನಿಮಾ ಹೇಳುವುದಿಲ್ಲ. ಹೇಳುವ ಜರೂರೂ ಇಲ್ಲ. ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ಚಂಡಾಲನಿಗೆ ಏನು ವಿಧಿಸಿದೆ ನೋಡಿರಿ. ಊರ ಹೊರಗೆ ವಾಸ. ಹೆಣದ ಮೇಲಿನ ಬಟ್ಟೆಯೇ ಉಡುಪು. ಒಡೆದ ಮಡಕೆಯಲ್ಲಿ ಊಟ. ದಿಕ್ಕಿಲ್ಲದ ಹೆಣ ಹೊರುವ ಕೆಲಸ. ರಾತ್ರಿ ಹೊತ್ತು ಊರೊಳಗೆ ತಿರುಗಾಡಕೂಡದು. ಈ ಐದನ್ನೂ ಒಂದು ಹಾಳೆಯ ಮೇಲೆ ಬರೆದು ‘ಇದು ಯಾರು?’ ಅಂತ ಇವತ್ತಿನ ಶಾಲೆಯ ಹುಡುಗನನ್ನು ಕೇಳಿದರೆ ‘ದೆವ್ವ’ ಅಂತಾನೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಇಳಿಹೊತ್ತಿನಲ್ಲಿ ಪಟ್ಟಣದೊಳಗೆ ಬರಕೂಡದು ಅಂತ ಕಟ್ಟಳೆ ಇತ್ತೆಂದು ಹೇಳುತ್ತಾರೆ. ಆ ಹೊತ್ತಿಗೆ ನೆರಳು ಉದ್ದವಾಗಿ ಬಿದ್ದು ಮೇಲಿನವರನ್ನು ಮುಟ್ಟುತ್ತದಂತೆ. ಗೋಡೆಯ ಮೇಲೆ ಉದ್ದಕ್ಕೆ ಬೀಳುವ ನೆರಳು! ದುಡ್ಡಿಲ್ಲದ ದೆವ್ವದ ಸಿನಿಮಾದವನಿಗೆ ಪುಕ್ಕಟೆ ಸಿಗುವ ಅಂಜಿಕೆ ಅದೇ ಅಲ್ಲವೆ? ಅದು ಯಾರ ನೆರಳು ಅಂತ ಯಾರೂ ಕೇಳಲಿಲ್ಲ.

ಹಿಂದಿಯವರನ್ನು ಬೈದು ನಾವು ಪಾರಾಗುವಂತಿಲ್ಲ. ಕನ್ನಡಕ್ಕೆ ಬರೋಣ.

ರಾಘವಾಂಕನ ಹರಿಶ್ಚಂದ್ರನಿಗೆ ಸ್ಮಶಾನದಲ್ಲಿ ದೆವ್ವದ ಅಂಜಿಕೆ ಇರಲಿಲ್ಲ. ಅವನ ಕತೆಯ ಅಸಲು ಭೀತಿ ವೀರಬಾಹುಕನ ಆಳಾಗುವುದು. ಹೊಲೆಯನ ಸೇವೆ, ಹೊಲತಿಯ ಸ್ಪರ್ಶ. ಓದುಗರು ಶತಮಾನಗಳಿಂದ ಕಣ್ಣೀರಿಟ್ಟದ್ದು ರಾಜನಿಗೆ ಅಂಥ ಗತಿ ಬಂತಲ್ಲ ಅಂತ. ಆ ಗತಿಯನ್ನೇ ಹುಟ್ಟಿನಿಂದ ಬಾಳುವ ವೀರಬಾಹುಕನಿಗೆ ಯಾರೂ ಅಳಲಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ಎಂ. ಪಿ. ಶಂಕರ್ ಆ ಪಾತ್ರದಲ್ಲಿ ಮೈ ತುಂಬಿ ಕುಣಿದರು. ಕುಲವನ್ನೇ ಪ್ರಶ್ನಿಸುವ ಹಾಡು ಅವನಿಗೆ ಸಿಕ್ಕಿತು, ಕೇರಿಗಳಲ್ಲಿ ಅದು ಇವತ್ತಿಗೂ ಮೊಳಗುತ್ತದೆ. ನಿಜ, ಅದು ದೊಡ್ಡದು. ಆದರೆ ಅವನ ಜಾಗ ಸ್ಮಶಾನವೇ ಆಗಿ ಉಳಿಯಿತು.

1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮೇಲೆ ಹೆಂಗಸಿನ ಪ್ರೇತ ಏರುತ್ತದೆ. ಆಸೆಪಟ್ಟ ಹೆಣ್ಣು ಸತ್ತರೂ ಪೀಡೆ. ಬಿಡುಗಡೆ ಸಿಗುವುದು ಮಂತ್ರಾಲಯದಲ್ಲಿ. ಅಂಜಿಕೆ ಹುಟ್ಟಿಸುವುದು ಹೆಣ್ಣು, ಅಂಜಿಕೆ ಬಿಡಿಸುವುದು ಮಠ. ಈ ಲೆಕ್ಕ ತಿಳಿಯಲು ಗಣಿತ ಓದಬೇಕಾಗಿಲ್ಲ.

ಮುಂದೆ ದುಡ್ಡೂ ಬಂತು. 2004ರ ‘ಆಪ್ತಮಿತ್ರ’ ಅಗ್ಗದ ಸಿನಿಮಾ ಅಲ್ಲ, ಆದರೆ ಅದೇ ಅಚ್ಚಿನದು. ನಾಗವಲ್ಲಿ ರಾಜನ ಕುಣಿಯುವ ಹೆಣ್ಣು. ರಾಜ ಅವಳ ಪ್ರಿಯಕರನ ತಲೆ ಕಡಿಸುತ್ತಾನೆ, ಅವಳನ್ನು ಸುಡಿಸುತ್ತಾನೆ. ಇಡೀ ಕರ್ನಾಟಕ ಅಂಜಿದ್ದು ಯಾರಿಗೆ? ಸುಟ್ಟ ರಾಜನಿಗಲ್ಲ, ಸುಟ್ಟುಹೋದ ನಾಗವಲ್ಲಿಗೆ. ಧಾರವಾಡದಿಂದ ಸವದತ್ತಿ ಎಷ್ಟು ದೂರ? ಗುಡ್ಡದ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೊಡ್ಡವರ ಮನೆಯ ಸೊತ್ತಾದ ಹೆಂಗಸರು ಬಹುಪಾಲು ನಮ್ಮ ಕೇರಿಗಳಿಂದ ಹೋದವರು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ನಾಗವಲ್ಲಿಯರು ನಮಗೆ ದೆವ್ವಗಳಲ್ಲ. ಓಣಿಯ ಮೂಲೆಮನೆಯ ಆಯಿಗಳು. ಅವರಿಗೆ ಯಾರೂ ಅಂಜಲಿಲ್ಲ, ಅವರೇ ಜೀವನಪೂರ್ತಿ ಅಂಜಿ ಬದುಕಿದರು.

ಆ ಸಿನಿಮಾದ ಕೊನೆ ನೆನಪು ಮಾಡಿಕೊಳ್ಳಿರಿ. ನಾಗವಲ್ಲಿಯ ಸೇಡು ತೀರಬೇಕು. ಡಾಕ್ಟರು ಉಪಾಯ ಮಾಡುತ್ತಾನೆ. ಬದುಕಿದ ಮನುಷ್ಯನ ಬದಲು ಒಂದು ಗೊಂಬೆಯನ್ನು ಅವಳ ಕೈಯಿಂದ ಕೊಲ್ಲಿಸುತ್ತಾನೆ. ಅವಳಿಗೆ ಸಮಾಧಾನವಾಗುತ್ತದೆ. ಅರಮನೆ ಅರಮನೆಯಾಗಿಯೇ ಉಳಿಯುತ್ತದೆ. ಗೆಳೆಯರೇ, ಈ ಗೊಂಬೆಯನ್ನು ಮರೆಯಬೇಡಿರಿ. ಇದರ ಹತ್ತಿರ ಮತ್ತೆ ಬರುತ್ತೇವೆ.

2012ರ ‘ಕಲ್ಪನಾ’ ತಮಿಳಿನ ‘ಕಾಂಚನಾ’ದ ಕನ್ನಡ ರೂಪ. ಇಲ್ಲಿ ದೆವ್ವ ಒಬ್ಬಳು ಮಂಗಳಮುಖಿ. ಪಾತ್ರ ಮಾಡಿದವರು ಸಾಯಿಕುಮಾರ್. ಅವಳು ಜಾಗದ ಸಲುವಾಗಿ ಕೊಲೆಯಾದವಳು. ಇಲ್ಲಿ ದೆವ್ವಕ್ಕೆ ಬಾಯಿ ಬಂತು, ಕೊಂದವರ ಕಡೆ ಬೆರಳು ಮಾಡಿತು. ಇದನ್ನು ನಾವು ಕಡಿಮೆ ಅಂದುಕೊಳ್ಳುವುದಿಲ್ಲ. ಆದರೆ ಅದೇ ಸಿನಿಮಾ ಮೊದಲ ಅರ್ಧದಲ್ಲಿ ಗಂಡಸು ಹೆಣ್ಣಿನ ಹಾಗೆ ಬಳುಕಿದನೆಂದು ನಗಿಸುತ್ತದೆ, ಎರಡನೇ ಅರ್ಧದಲ್ಲಿ ಅವಳಿಗಾಗಿ ಅಳಿಸುತ್ತದೆ. ಬದುಕಿದ್ದಾಗ ನಗೆಪಾಟಲು, ಸತ್ತ ಮೇಲೆ ನ್ಯಾಯ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಜೋಗತಿ ನೃತ್ಯ ಮಾಡುತ್ತ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೀವಂತ ಮನುಷ್ಯರು ಎದುರಿಗೇ ಇರುವಾಗ ಸಿನಿಮಾಕ್ಕೆ ಸತ್ತವಳೇ ಯಾಕೆ ಬೇಕಾದಳು?

ಈಗ ನಮ್ಮ ಜಗಳಕ್ಕೆ ಬರೋಣ. ಆ ರಾತ್ರಿಯ ನಂತರ ಕೆರೆಯ ದಂಡೆಯ ಮೇಲೆ ವಾರಗಟ್ಟಲೆ ನಾವು ಇದನ್ನೇ ಜಗಳಾಡಿದೆವು.

ಒಬ್ಬ ಗೆಳೆಯನ ವಾದ ಹೀಗೆ: “ನಮ್ಮವರನ್ನ ದೆವ್ವ, ಮಾಟಗಾರ ಅಂತ ತೋರಸೂದನ್ನ ಬಂದ್ ಮಾಡಿಸಬೇಕು. ನಮ್ಮವ ಡಾಕ್ಟರ್ ಆಗಲಿ, ಪೊಲೀಸ್ ಆಗಲಿ, ಹೀರೋ ಆಗಲಿ. ಮರ್ಯಾದಿ ಪಾತ್ರ ಕೊಡ್ರಿ.”

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಕೇರಿಯ ಮಗು ಪರದೆಯ ಮೇಲೆ ತನ್ನಂಥ ಮುಖ ಕಂಡಾಗಲೆಲ್ಲ ಅದು ರಾಕ್ಷಸನದೇ ಆಗಿದ್ದರೆ ಆ ಮಗು ಕನ್ನಡಿ ನೋಡುವ ರೀತಿಯೇ ಬೇರೆ. ಆದರೆ ನಾವು ಅವನಿಗೆ ಹೇಳಿದೆವು: ಹವೇಲಿ ಹಾಗೆಯೇ ಇದ್ದು, ಹವೇಲಿಯ ಡಾಕ್ಟರಿಗೆ ಮಾತ್ರ ನಮ್ಮ ಹೆಸರು ಇಟ್ಟರೆ ಅದು ನಾಗವಲ್ಲಿಗೆ ಕೊಟ್ಟ ಗೊಂಬೆ. ನಾವು ಸಮಾಧಾನಪಟ್ಟು ಮನೆಗೆ ಹೋಗುತ್ತೇವೆ, ಅರಮನೆಯ ಒಂದು ಕಂಬವೂ ಅಲುಗಿರುವುದಿಲ್ಲ. ಪ್ರಾತಿನಿಧ್ಯ ಅನ್ನುವುದು ಎಷ್ಟೋ ಸಲ ಇಂಥ ಗೊಂಬೆ. ಸಿನಿಮಾದಲ್ಲಷ್ಟೇ ಅಲ್ಲ, ಪಂಚಾಯತಿಯಲ್ಲೂ.

ಉಡುಪಿ ಕಡೆಯಿಂದ ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದ ಗೆಳೆಯನ ವಾದ ಬೇರೆ. “ದೆವ್ವ ನಮ್ಮದೇ ಇರಲಿ. ಅದಕ್ಕೆ ಬಾಯಿ ಕೊಡಿ,” ಅಂದ. 1972ರ ಅಮೆರಿಕದ ‘ಬ್ಲಾಕ್ಯುಲಾ’ದ ಕತೆ ಹೇಳಿದ. ಕಪ್ಪು ಜನರಿಗಾಗಿ ಮಾಡಿದ ಅಗ್ಗದ ಸಿನಿಮಾ. ಆಫ್ರಿಕದ ರಾಜಕುಮಾರ ಮಾಮುವಾಲ್ಡೆ ಗುಲಾಮರ ವ್ಯಾಪಾರ ನಿಲ್ಲಿಸಲು ಸಹಾಯ ಕೇಳಿ ಡ್ರಾಕುಲಾನ ಮನೆಗೆ ಹೋಗುತ್ತಾನೆ. ಡ್ರಾಕುಲಾ ಅವನನ್ನು ಕಚ್ಚಿ, ಅವನ ಹೆಸರು ಕಿತ್ತುಕೊಂಡು, ತನ್ನ ಹೆಸರಿನದೇ ಅಣಕ ಅವನಿಗೆ ಹಚ್ಚಿ, ಪೆಟ್ಟಿಗೆಯಲ್ಲಿ ಹಾಕಿ ಮುಚ್ಚುತ್ತಾನೆ. ಅಂದರೆ ಈ ಪಿಶಾಚಿ ಹುಟ್ಟಿದ್ದು ಹೇಗೆ ಅಂತ ಸಿನಿಮಾ ಹೇಳಿತು. ಅದೇ 1972ರಲ್ಲಿ ಮುಂಬಯಿಯಲ್ಲಿ ರಾಮ್‌ಸೇಗಳ ಮೊದಲ ದೆವ್ವ ಎದ್ದಿತು. ಅದೇ ವರ್ಷ ಅದೇ ಮುಂಬಯಿಯಲ್ಲಿ, ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರಿನ ನೆನಪಿನಲ್ಲಿ ದಲಿತ್ ಪ್ಯಾಂಥರ್ ಹುಟ್ಟಿತು. ಇಬ್ಬರ ದಾರಿ ಮಾತ್ರ ಎಲ್ಲೂ ಕೂಡಲಿಲ್ಲ. ನಮ್ಮ ಪ್ಯಾಂಥರರು ಕವಿತೆ ಬರೆದರು, ಬೀದಿಗಿಳಿದರು. ನಮ್ಮ ದೆವ್ವ ಠಾಕೂರರ ಹವೇಲಿಯಲ್ಲೇ ಉಳಿಯಿತು.

ಗೆಳೆಯ ಮುಂದುವರಿಸಿದ: “ನಮ್ಮ ತುಳುನಾಡಿಗೆ ಬನ್ನಿ. ಕೊರಗರ ಹುಡುಗ ತನಿಯ ಮಾಯವಾದ, ಕೊರಗಜ್ಜನಾದ. ಅನ್ಯಾಯಕ್ಕೆ ಸಿಕ್ಕು ಸತ್ತವರು ನಮ್ಮಲ್ಲಿ ದೈವವಾಗುತ್ತಾರೆ. ನಲಿಕೆ, ಪಂಬದ, ಪರವ ಜಾತಿಯವನ ಮೈಮೇಲೆ ದೈವ ಬಂದಾಗ ಗುತ್ತಿನ ಯಜಮಾನ ಕೈಮುಗಿದು ನಿಂತು ಬುದ್ಧಿ ಕೇಳಿಸಿಕೊಳ್ಳುತ್ತಾನೆ. ಸತ್ತವನಿಗೆ ಅಲ್ಲಿ ಬಾಯಿ ಉಂಟು, ತೀರ್ಪು ಉಂಟು.”

ನಾವು ದಂಗಾಗಿ ಕೇಳಿದೆವು. ಹೌದಲ್ಲ! ನಮ್ಮ ಜನ ಸತ್ತವರನ್ನು ಹೀಗೆ ಮಾತಾಡಿಸಿದರು. ಸಿನಿಮಾ ಅದೇ ಸತ್ತವರ ಬಾಯಿ ಹೊಲಿದು, ಗುರುಗುಡುವ ಸದ್ದಷ್ಟೇ ಬಿಟ್ಟಿತು.

ಆದರೆ ನಮ್ಮ ಗೆಳತಿಯೊಬ್ಬಳು ಸುಮ್ಮನಿರಲಿಲ್ಲ. “ಬೆಳಗಾದ ಮ್ಯಾಲ?” ಅಂತ ಕೇಳಿದಳು. “ಬಣ್ಣ ತೊಳಕೊಂಡ ಮ್ಯಾಲ ಆ ಮನಶ್ಯಾನ್ನ ಯಜಮಾನ ಒಳಗ ಕರದು ಪಕ್ಕದಾಗ ಕುಂದ್ರಿಸಿ ಉಣಸ್ತಾನೇನು?”

ಉಡುಪಿಯ ಗೆಳೆಯ ತಲೆ ತಗ್ಗಿಸಿದ. ಆಮೇಲೆ ಅವನೇ ಹೇಳಿದ. ಕೊರಗಜ್ಜನಿಗೆ ಊರೆಲ್ಲ ಹರಕೆ ಹೊರುತ್ತದೆ. ಆದರೆ ಕೊರಗರ ಮೇಲಿನ ಅಜಲು ಪದ್ಧತಿ, ಅಂದರೆ ಕೂದಲು ಉಗುರು ಕಲಸಿದ ಅನ್ನ ತಿನ್ನಿಸುವಂಥ ಹೇಸಿಗೆ, ಅದನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ‘ಕಾಂತಾರ’ ಕೋಟಿಗಟ್ಟಲೆ ಗಳಿಸಿದ ಮೇಲೆ, 2022ರ ಅಕ್ಟೋಬರಿನಲ್ಲಿ, ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ಸರ್ಕಾರ ಘೋಷಿಸಿತು. ಸತ್ತ ಕೊರಗನಿಗೆ ಗುಡಿ, ಬದುಕಿದ ಕೊರಗನಿಗೆ ಎಂಜಲು. ಒಂದು ರಾತ್ರಿಯ ಬಾಯಿ ಮುನ್ನೂರ ಅರವತ್ತನಾಲ್ಕು ದಿನಗಳ ಮೌನವನ್ನು ತುಂಬಲಾರದು. ಸತ್ತ ಮೇಲೆ ಮಾತಾಡುವ ಹಕ್ಕು ಕೊಡುತ್ತೇವೆ ಅನ್ನುವವರಲ್ಲಿ ನಾವು ಕೇಳಬೇಕಾದದ್ದು: ಸಾಯದೆ ಮಾತಾಡಬಹುದೆ?

ಹಾಗಾದರೆ ಏನು ಬೇಕು? ಮರ್ಯಾದೆಯ ಪಾತ್ರವೂ ಸಾಲದು, ಮಾತಾಡುವ ದೆವ್ವವೂ ಸಾಲದು ಅಂದರೆ ನಾವು ಕೇಳುತ್ತಿರುವುದು ಏನು?

ಉತ್ತರ ನಮಗೆ ಸಿಕ್ಕಿದ್ದು 1968ರ ಇನ್ನೊಂದು ಅಗ್ಗದ ಸಿನಿಮಾದಲ್ಲಿ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಪಿಟ್ಸ್‌ಬರ್ಗಿನ ಹುಡುಗರು ಸುಮಾರು 1,14,000 ಡಾಲರಿನಲ್ಲಿ ಮಾಡಿದ್ದು. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಹಾದ ಖರ್ಚು. ನಾಯಕ ಬೆನ್. ಪಾತ್ರ ಮಾಡಿದವರು ಡುವೇನ್ ಜೋನ್ಸ್, ಕಪ್ಪು ನಟ. ಪಾತ್ರ ಕಪ್ಪು ಮನುಷ್ಯನದು ಅಂತ ಬರೆದೇ ಇರಲಿಲ್ಲ, ಚೆನ್ನಾಗಿ ಮಾಡಿದ್ದಕ್ಕೆ ಅವರನ್ನು ತೆಗೆದುಕೊಂಡೆವು ಅಂತ ನಿರ್ದೇಶಕ ಜಾರ್ಜ್ ರೊಮೆರೊ ಹೇಳಿದ್ದುಂಟು. ಸತ್ತವರು ಎದ್ದು ಬರುತ್ತಾರೆ. ಬೆನ್ ಒಂದು ಮನೆಯೊಳಗೆ ಹಲಗೆ ಹೊಡೆದು, ಮೊಳೆ ಬಡಿದು, ಬಾಗಿಲು ಕಿಟಕಿ ಭದ್ರ ಮಾಡಿ, ರಾತ್ರಿಯಿಡೀ ಅಂಜುತ್ತ ಬಡಿದಾಡುತ್ತ ಜೀವ ಉಳಿಸಿಕೊಳ್ಳುತ್ತಾನೆ. ಬೆಳಗಾಗುತ್ತದೆ. ಪೊಲೀಸರ ಜತೆ ಬಂದೂಕು ಹಿಡಿದ ಬಿಳಿಯರ ದಂಡು ಬರುತ್ತದೆ. ಕಿಟಕಿಯಲ್ಲಿ ಅವನ ಮುಖ ಕಂಡದ್ದೇ ತಡ, ಇವನೂ ಪಿಶಾಚಿ ಅಂತ ಗುಂಡು ಹಾರಿಸುತ್ತಾರೆ. ಹೆಣವನ್ನು ಕೊಕ್ಕೆ ಹಾಕಿ ಎಳೆದು ಬೆಂಕಿಗೆ ಹಾಕುತ್ತಾರೆ. ಆ ವರ್ಷದ ಏಪ್ರಿಲ್ 4ರಂದೇ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಗುಂಡಿಟ್ಟು ಕೊಂದಿದ್ದರು.

ಈ ಸಿನಿಮಾ ಏನು ಮಾಡಿತು? ಕಪ್ಪು ಮನುಷ್ಯನನ್ನು ಬಾಗಿಲ ಹೊರಗೆ ನಿಲ್ಲಿಸಲಿಲ್ಲ, ಒಳಗೆ ನಿಲ್ಲಿಸಿತು. ಅವನು ಅಂಜಿದ. ಅವನ ಅಂಜಿಕೆಯಲ್ಲಿ ನೋಡುವವರೂ ಅಂಜಿದರು. ಅವನು ಬದುಕಲಿ ಅಂತ ಆಸೆಪಟ್ಟರು. ಅವನನ್ನು ಪಿಶಾಚಿ ಅಂದವರು ಯಾರು, ಅವರ ಕೈಯಲ್ಲಿ ಏನಿತ್ತು ಅನ್ನುವುದನ್ನು ಕಣ್ಣಾರೆ ಕಂಡರು.

ಅದೇ 1968ರ ಡಿಸೆಂಬರ್ 25ರ ರಾತ್ರಿ ತಮಿಳುನಾಡಿನ ಆಗಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ ಏನಾಯಿತು? ಕೂಲಿಗೆ ಇನ್ನಷ್ಟು ಭತ್ತ ಕೊಡಿರೆಂದು ಕೇಳಿದ ದಲಿತ ಕೂಲಿಕಾರರ ಕೇರಿಗೆ ಭೂಮಾಲೀಕರ ದಂಡು ಬಂತು. ಜೀವ ಉಳಿಸಿಕೊಳ್ಳಲು ಒಂದು ಗುಡಿಸಲಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡವರಿದ್ದರು, ಹೆಚ್ಚಿನವರು ಹೆಂಗಸರು ಮಕ್ಕಳು. ಬೆಂಕಿ ಹಚ್ಚಿದರು. 44 ಜನ. ಮುಂದೆ ಹೈಕೋರ್ಟಿನಲ್ಲಿ ಭೂಮಾಲೀಕರಿಗೆ ಬಿಡುಗಡೆಯಾಯಿತು. ಬಾಬಾಸಾಹೇಬರು ಮಹಾಡದಲ್ಲಿ ಮನುಸ್ಮೃತಿ ಸುಟ್ಟದ್ದೂ ಇದೇ ಡಿಸೆಂಬರ್ 25ರಂದು, 1927ರಲ್ಲಿ. ನಾವು ಪುಸ್ತಕ ಸುಟ್ಟೆವು. ಅವರು ಮನುಷ್ಯರನ್ನು ಸುಟ್ಟರು.

ನಮ್ಮ ನಾಡಿನಲ್ಲೇನು ಕಡಿಮೆಯೇ? 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಮನೆಯೊಳಗೇ ಬೆಂದರು. ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಆ ಗಲಭೆಗೆ ಕಿಡಿ ಹೊತ್ತಿದ್ದು ಗಂಗಾವತಿಯಲ್ಲಿ ಸಿನಿಮಾ ನೋಡಲು ಹೋದಾಗ ಆದ ಜಗಳ ಅಂತ ವರದಿಗಳಿದ್ದವು. ಹೋಟೆಲು, ಕ್ಷೌರದಂಗಡಿಗೆ ದಲಿತರನ್ನು ಬಿಡದ ಹಳೆಯ ಉರಿ ಒಳಗೆ ಇದ್ದೇ ಇತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ನಮ್ಮ ಧಾರವಾಡದ ಹೈಕೋರ್ಟ್ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು.

ಹೊರಗೆ ದೀವಟಿಗೆ, ಒಳಗೆ ಚಿಲಕ ಹಾಕಿಕೊಂಡ ಜನ, ಬಾಗಿಲ ಸಂದಿಯಿಂದ ಹೊಗೆ. ಇದಕ್ಕಿಂತ ಅಂಜಿಕೆಯ ದೃಶ್ಯ ಯಾವ ರಾಮ್‌ಸೇ ಬರೆದಾನು? ಆದರೂ ಭಾರತದ ದೆವ್ವದ ಸಿನಿಮಾದ ಕ್ಯಾಮರಾ ಇಷ್ಟು ವರ್ಷಗಳಲ್ಲಿ ಹವೇಲಿಯ ಒಳಗೇ ನಿಂತಿತು. ದೀವಟಿಗೆ ಹಿಡಿದು ಬರುವ ಊರ ಮಂದಿಯನ್ನು ನಾವು ಚಪ್ಪಾಳೆ ತಟ್ಟಿ ಸ್ವಾಗತಿಸಿದೆವು, ಅವರು ರಾಕ್ಷಸನನ್ನು ಸುಡಲು ಬಂದವರು ಅಂತ. ಆ ದೀವಟಿಗೆಯನ್ನು ಗುಡಿಸಲಿನೊಳಗಿಂದ ಒಮ್ಮೆ ನೋಡಿರಿ.

ಅದಕ್ಕೇ ನಾವು ಹೇಳುತ್ತೇವೆ: ನಮಗೆ ಬೇಕಾದದ್ದು ಅಂಜುವ ಹಕ್ಕು. ಕೇಳಿದರೆ ನಗು ಬರಬಹುದು. ಹೋರಾಟಗಾರರು ಧೈರ್ಯದ ಮಾತಾಡಬೇಕು, ಇವರು ಅಂಜಿಕೆಯ ಮಾತಾಡ್ತಾರಲ್ಲ ಅಂತ. ಆದರೆ ವಿಚಾರ ಮಾಡಿರಿ. ಯಾರ ಅಂಜಿಕೆಯನ್ನು ಲೋಕ ನಂಬುತ್ತದೋ ಅವರ ಜೀವಕ್ಕೆ ಲೋಕ ಬೆಲೆ ಕಟ್ಟುತ್ತದೆ. ಠಾಣೆಯಲ್ಲಿ ‘ಜೀವಭಯ ಐತ್ರಿ’ ಅಂತ ಗೌಡ ಅರ್ಜಿ ಕೊಟ್ಟರೆ ಒಂದು ಅರ್ಥ, ಕೇರಿಯವ ಕೊಟ್ಟರೆ ಇನ್ನೊಂದು ಅರ್ಥ ಯಾಕೆ? ನಮ್ಮ ಅಂಜಿಕೆಯನ್ನು ಯಾರೂ ಮನುಷ್ಯರ ಅಂಜಿಕೆ ಅಂತ ಕಲಿತಿಲ್ಲ. ಕಲಿಸಬೇಕಾದ ಜಾಗಗಳಲ್ಲಿ ಸಿನಿಮಾವೂ ಒಂದು. ಅದು ನಮ್ಮನ್ನು ಅಂಜಿಕೆ ಹುಟ್ಟಿಸುವವರು ಅಂತಲೇ ಕಲಿಸಿತು. ಸಾಯುವ ಕಾವಲುಗಾರನಿಗೂ ಅಂಜಲು ಒಂದು ನಿಮಿಷ ಕೊಡಲಿಲ್ಲ. ಒಂದು ಕಿರುಚಾಟ, ಕತ್ತಲೆ, ಮುಂದಿನ ಸೀನು.

ಇಲ್ಲಿಗೆ ಮುಗಿಸಿದ್ದರೆ ನಮಗೆ ಹಿತವಾಗಿತ್ತು. ಆದರೆ ಅದೇ ಗೆಳತಿ ಮತ್ತೆ ಕೇಳಿದಳು: “ಕ್ಯಾಮರಾ ನಿಮ್ಮ ಕೈಗೆ ಬಂದ್ರ ನೀವು ಯಾರನ್ನ ದೆವ್ವ ಮಾಡ್ತೀರಿ?”

ನಾವು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಕೇರಿಯಲ್ಲೂ ಮಾಟಗಾತಿ ಅಂತ ಕಣ್ಣು ತಪ್ಪಿಸುವ ಮುದುಕಿಯರಿದ್ದಾರೆ. ಅವರು ಬಹಳ ಮಾಡಿ ವಿಧವೆಯರು, ಮಕ್ಕಳಿಲ್ಲದವರು. ಜೋಗಪ್ಪಗಳು ಚೌಡಿಕೆ ಹಿಡಿದು ಬಂದಾಗ ಪದವೀಧರರಾದ ನಾವೇ ಮರೆಗೆ ನಿಂತು ನಕ್ಕಿದ್ದೇವೆ. ಸೊಸೆಯ ಮೈಮೇಲೆ ಬಂದಾಗ ಅವಳು ಬಾಯಿಬಿಟ್ಟು ಹೇಳುವುದು ಬರೇ ಅತ್ತೆಯ ಕಾಟ, ಗಂಡನ ಹೊಡೆತ, ಹೊಟ್ಟೆಯ ಹಸಿವು. ನಾವು ಅದನ್ನು ಕೇಳದೆ ಬೇವಿನ ತೊಪ್ಪಲು, ಚಾಟಿ ತಂದಿದ್ದೇವೆ. ನಮ್ಮೊಳಗೂ ಒಂದು ಸಣ್ಣ ಹವೇಲಿ ಇದೆ. ಅಲ್ಲಿಯೂ ಒಂದು ಪೆಟ್ಟಿಗೆ, ಅದರಲ್ಲಿ ಯಾರದೋ ರುಂಡ. ಠಾಕೂರನ ಜಾಗದಲ್ಲಿ ನಾವು ಕುಂತು, ಸಾಮ್ರಿಯ ಜಾಗದಲ್ಲಿ ನಮ್ಮ ಹೆಂಗಸರನ್ನೂ ಜೋಗಪ್ಪಗಳನ್ನೂ ನಿಲ್ಲಿಸುವುದಾದರೆ ಈ ಹೋರಾಟ ಯಾತಕ್ಕೆ? ಅಂಜುವ ಹಕ್ಕು ಕೇಳುವವರು, ತಮ್ಮನ್ನು ಕಂಡು ಅಂಜುವವರು ಮನೆಯಲ್ಲಿ ಯಾರಿದ್ದಾರೆ ಅಂತ ಮೊದಲು ನೋಡಿಕೊಳ್ಳಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ಒಂದು ವಿನಂತಿ. ದೆವ್ವದ ಸಿನಿಮಾ ನೋಡಬೇಡಿರಿ ಅಂತ ಮಕ್ಕಳನ್ನು ಗದರಿಸಬೇಡಿರಿ. ಜತೆಗೆ ಕುಂತು ನೋಡಿರಿ. ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿರಿ. ಇದರಲ್ಲಿ ಯಾರ ಅಂಜಿಕೆಗೆ ನಾವು ಅಂಜಿದೆವು? ಸತ್ತವರಲ್ಲಿ ಯಾರಿಗೆ ಯಾರೂ ಅಳಲಿಲ್ಲ? ದೆವ್ವದ ಕಡೆಯಿಂದ ಯಾರನ್ನಾದರೂ ಕೇಳಿದರೆ? ಇದಕ್ಕೆ ದುಡ್ಡು ಬೇಡ, ಅನುದಾನ ಬೇಡ.

ನಾವೂ ಒಂದು ಸಣ್ಣ ಸಿನಿಮಾ ಮಾಡಲು ಹೊರಟಿದ್ದೇವೆ. ಒಂದು ಮೊಬೈಲು, ಒಂದು ಗುಡಿಸಲು, ಒಂದು ರಾತ್ರಿ. ಗೆಳೆಯನ ಅವ್ವನಿಗೆ ಹೋಗಿ, “ಯವ್ವಾ, ನೀನೂ ಒಂದು ಪಾತ್ರ ಮಾಡಬೇಕು ನೋಡು,” ಅಂದೆವು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಂತಳು. ಆಮೇಲೆ ಅಂದಳು:

“ದೆವ್ವ ಮಾಡ ಅನಬ್ಯಾಡ್ರಿ ಯಪ್ಪಾ. ರಾತ್ರಿ ಬಾಗಲಾ ಬಡದ್ರ ಅಂಜೂದೈತೆಲ್ಲ, ಅದನ್ನ ಮಾಡತೇನಿ. ಅದು ನನಗ ಕಲಸೂದು ಬ್ಯಾಡ.”